ನೀರು ಕುಡಿಯದ ಸೀಮೆ ಈಚಲು

ಸರ್ಕಾರಿ ಕೆಲಸ ಅಂದಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಒಂದು ಮುಗಿಯಿತಪ್ಪಾ ಅಂತ ಉಸಿರು ಬಿಡುವ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಕೆಲವರ ಹಣೆಯಲ್ಲಿ ಬ್ರಹ್ಮ ಕೋರ್ಟು ಬರೆದಿರುತ್ತಾನೆ, ಕೆಲವರ ಹಣೆಯಲ್ಲಿ ಮೂಲವ್ಯಾಧಿ. ನನ್ನ ಹಣೆಯಲ್ಲಿ ಒಂದು ಗಿಡ ಬರೆದಿದ್ದ. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ ಬಿಡಿ, ಆಗ ನನಗೆ ಅಳು ಬಂದಿತ್ತು.

ನಾನು ಮಳವಳ್ಳಿಯವನು. ಮಂಡ್ಯ ಆಗತಾನೆ ಜಿಲ್ಲೆಯಾಗಿತ್ತು. ಕಚೇರಿಗಳು ಹೆಚ್ಚಾಗಿ, ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯುವವರು ಸಾಲದೆ ಬಂದು, ನನ್ನಂಥವನಿಗೂ ಒಂದು ಕುರ್ಚಿ ಸಿಕ್ಕಿತು. ಹಂಗಾಮಿ ಗುಮಾಸ್ತೆ. ಸಾಹೇಬರುಗಳು ಸರ್ಕೀಟು ಬಂದಾಗ ಇಳಿದುಕೊಳ್ಳುವುದಕ್ಕೆ ಮದ್ದೂರಿನಲ್ಲಿ ಒಂದು ಬಂಗಲೆ ಇತ್ತು, ಅದರ ಉಸ್ತುವಾರಿ ನನ್ನದು. ಅದೇ ಸಮಯಕ್ಕೆ ನಮ್ಮ ಮನೆಯವರು ಮದ್ದೂರಿನ ಹತ್ತಿರದ ಕೊಪ್ಪದ ಗೌಡರೊಬ್ಬರ ಮಗಳನ್ನು ನನಗೆ ಕೇಳಿದ್ದರು. ಹುಡುಗಿ ಒಪ್ಪಿದ್ದಳು. ನಾನಂತೂ ನೋಡಿ ಬಂದ ದಿನ ಊಟವನ್ನೇ ಮರೆತಿದ್ದೆ. ಗೌಡರು ಮಾತ್ರ ಒಂದು ಕೊಕ್ಕೆ ಹಾಕಿದರು.

"ಅಂಗಾಮಿ ಅಂದ್ರೇನ್ಲಾ?" ಅಂದರು.

"ಯಾವಾಗ ಬೇಕಾದರೂ ತೆಗೆದುಹಾಕಬಹುದು ಅಂತ."

"ಅಂಗಾಮಿ ಗಂಡ ನನ್ನ ಮಗಳಿಗೆ ಬ್ಯಾಡ ಕಣಪ್ಪ. ಕಾಯಂ ಆಗು, ಓಲಗ ಊದುಸ್ತೀನಿ. ಅಲ್ಲೀಗಂಟ ನೀನ್ಯಾರೋ ನಾನ್ಯಾರೋ."

ಹೀಗೆ ನಾನು ಕಾಯಂ ಆಗುವ ದಾರಿ ಹುಡುಕುತ್ತಿರುವಾಗ ಆ ಗಿಡ ಬಂತು.

೧. ರೈಲಿನಲ್ಲಿ ಬಂದ ಅತಿಥಿ

ಮಂಡ್ಯದಲ್ಲಿದ್ದ ನಮ್ಮ ಸಾಹೇಬರು ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೋಗಿ ಬಂದವರು. ಅಲ್ಲಿಂದ ಬರುವಾಗ ಕೆಲವರು ಪದವಿ ತರುತ್ತಾರೆ, ಕೆಲವರು ದೊರೆಸಾನಿ ತರುತ್ತಾರೆ. ಇವರು ತಂದದ್ದು ಗಿಡದ ಹುಚ್ಚು. ಮರಳುಗಾಡಿನ ಕಡೆ ಬೆಳೆಯುವ ಒಂದು ಜಾತಿಯ ಅಂದದ ಈಚಲು ಅವರ ಕಣ್ಣಿಗೆ ಬಿದ್ದಿತ್ತಂತೆ. ಅದರದ್ದೊಂದು ಸಸಿಯನ್ನು ಎಲ್ಲಿಂದಲೋ ಸಂಪಾದಿಸಿ, ಅರ್ಧ ಪೀಪಾಯಿಯಲ್ಲಿ ಇಟ್ಟು, ಬೆಂಗಳೂರಿನಿಂದ ರೈಲಿಗೆ ಹಾಕಿಸಿದರು. ಬಿಡಿಸಿಕೊಳ್ಳಲು ಸ್ಟೇಷನ್ನಿಗೆ ಹೋದರೆ ಪಾರ್ಸಲು ಗುಮಾಸ್ತರು ಅದರ ಸುತ್ತ ಎರಡು ಸಲ ಬಂದರು.

"ಹಣ್ಣು ಬಿಡುತ್ತೇನ್ರಿ?"

"ಬಿಟ್ಟರೂ ತಿನ್ನುವಂಥದ್ದಲ್ಲವಂತೆ."

"ನೆರಳು?"

"ಇಲ್ಲ."

"ದೇವರಿಗೆ ಬರುತ್ತಾ?"

"ಇಲ್ಲ."

"ಹಾಗಾದರೆ ಅಧಿಕಾರಿಗಳ ಸಾಮಾನು ಅಂತ ಬರೀತೀನಿ," ಅಂದು ರಸೀದಿ ಹರಿದು ಕೊಟ್ಟರು.

ಬಂಗಲೆಯ ಮುಂದೆ ಗುಂಡಿ ತೋಡಿ ನೆಟ್ಟೆವು. ಸಾಹೇಬರು ಖುದ್ದಾಗಿ ಬಂದು ನಿಂತು ಭಾಷಣ ಮಾಡಿದರು. "ಇದರ ದೊಡ್ಡಗುಣ ಏನೆಂದರೆ ನೀರು ಬೇಡ. ಹದಿನೈದು ದಿನಕ್ಕೆ ಒಂದು ಡಬ್ಬ ಸಾಕು. ಹೆಚ್ಚು ಹಾಕಿದರೆ ಸತ್ತೇ ಹೋಗುತ್ತದೆ."

ಬಂಗಲೆಯ ಮಾಲಿ ಮುದುಕ, ಹುಟ್ಟಿದಾಗಿನಿಂದ ಗಿಡಕ್ಕೆ ನೀರು ಹೊತ್ತವನು. ಅವನಿಗೆ ಅವಮಾನ ಆಯಿತು. "ನೀರು ಉಯ್ದ್ರೆ ಸಾಯೋ ಗಿಡಾನಾ ಬುದ್ದಿ? ಗೊಬ್ರ?"

"ಬೇಡ."

"ಪಾತಿ?"

"ಬೇಡ. ಸುಮ್ಮನೆ ನೋಡಿಕೊಂಡು ಕೂತಿದ್ದರೆ ಸಾಕು."

ಮಾಲಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಈ ಕೆಲ್ಸ ನನ್ ಕೈಲಾಗಲ್ಲ ಬುದ್ದಿ. ಸುಮ್ಕೆ ನೋಡ್ಕಂಡು ಕುಂತ್ಕಳಾಕೆ ಕಚೇರಿಯೋರೇ ಆಗ್ಬೇಕು," ಅಂದು ನನ್ನ ಕಡೆ ಕೈ ತೋರಿಸಿದ.

ಸಾಹೇಬರಿಗೆ ಅದು ಸರಿ ಕಂಡಿತು. "ನೀನೇ ನೋಡಿಕೋ. ಮುಂದಿನ ವರ್ಷ ಇದು ಬದುಕಿದ್ದರೆ ನಿನ್ನನ್ನು ಕಾಯಂ ಮಾಡುತ್ತೇನೆ. ಸತ್ತರೆ..." ಅಂದವರು ಮಾತು ನಿಲ್ಲಿಸಿ ಮಳವಳ್ಳಿ ರಸ್ತೆಯ ಕಡೆ ನೋಡಿದರು.

ಅವರು ಹೋದಮೇಲೆ ಮಾಲಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸ್ವಾಮಿ, ಎಣ್ಣಿನ ಜಾತಕ ನೋಡ್ಸಿದ್ದು ಸಾಲ್ದು. ಈ ಗಿಡದ್ದೂ ಒಂದ್ ಕಿತ ನೋಡ್ಸ್ಬುಡಿ."

೨. ಹಲಗೆ

ನಮ್ಮ ಕಡೆ ನಾಲೆ ಬಂದು ಇನ್ನೂ ಹತ್ತಾರು ವರ್ಷವಾಗಿರಲಿಲ್ಲ. ಹೊಸದಾಗಿ ಅಧಿಕಾರ ಸಿಕ್ಕವನಿಗೆ ರುಜು ಹಾಕುವ ಚಪಲ ಇದ್ದಂತೆ ನಮ್ಮ ಜನಕ್ಕೆ ನೀರು ಹಾಕುವ ಚಪಲ. ಭತ್ತಕ್ಕೆ ನೀರು, ಕಬ್ಬಿಗೆ ನೀರು, ರಾಗಿಗೂ ನೀರು. ಬೇಲಿ ಗೂಟ ನೆಟ್ಟರೂ ಬುಡಕ್ಕೆ ಒಂದು ಚೊಂಬು ಹುಯ್ಯದೆ ಮನೆಗೆ ಹೋಗುತ್ತಿರಲಿಲ್ಲ. ಇಂಥ ಊರಿನಲ್ಲಿ ನೀರು ಕುಡಿಯದ ಗಿಡ ಸಾಕುವುದು ನನ್ನ ಪಾಲಿಗೆ ಬಂತು.

ಬಂಗಲೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಬಾಯಿ ಮುಕ್ಕಳಿಸಿದವರು ಮಿಕ್ಕ ನೀರನ್ನು ಅದರ ಬುಡಕ್ಕೆ ಚೆಲ್ಲಿದರು. ಕೊಡ ಹೊತ್ತು ಹೋಗುವ ಹೆಂಗಸರು, "ಅಯ್ಯೋ, ಕೂಸು ಒಣಿಕಂಡ್ ನಿಂತೈತೆ," ಅಂತ ಅರ್ಧ ಕೊಡ ಬಗ್ಗಿಸಿದರು. ನಾನು ಕೂಗಾಡಿ ಗಂಟಲು ಹರಿದುಕೊಂಡು, ಕೊನೆಗೆ ಒಂದು ಹಲಗೆ ಬರೆಸಿ ನೆಟ್ಟೆ: "ಈ ಗಿಡಕ್ಕೆ ಸಾರ್ವಜನಿಕರು ನೀರು ಹಾಕಬಾರದು."

ಆಗ ಶುರುವಾಯಿತು ನೋಡಿ. ಅಲ್ಲಿಯವರೆಗೆ ಹಾಕದಿದ್ದವರೂ ಹಾಕತೊಡಗಿದರು. ಒಬ್ಬ ಅಜ್ಜಿ ಹಲಗೆಯಲ್ಲಿ ಏನು ಬರೆದಿದೆ ಅಂತ ಓದಿಸಿ ಕೇಳಿ, "ನೀರು ಕೊಡಬ್ಯಾಡಿ ಅಂತ ಬರೆದವ್ನಲ್ಲ, ಯಾವ ಪಾಪಿ ಮುಂಡೇಮಗನಮ್ಮಾ ಅವ್ನು! ಸಾಯೋವಾಗ ಅವನ ಬಾಯಿಗೆ ಯಾರು ಬುಡ್ತಾರೆ?" ಅಂತ ನನ್ನೆದುರಿಗೇ ಶಾಪ ಹಾಕಿ, ಒಂದು ತುಂಬಿದ ಬಿಂದಿಗೆ ಹುಯ್ದು ಹೋದಳು. ಓದು ಬಲ್ಲ ಮೇಷ್ಟರೊಬ್ಬರು ಕನ್ನಡಕ ಏರಿಸಿಕೊಂಡು ಹಲಗೆಯನ್ನು ಪೂರ್ತಿ ಓದಿ, ಆಮೇಲೆ ಚೊಂಬು ಬಗ್ಗಿಸಿದರು.

"ಏನ್ ಮೇಷ್ಟ್ರೇ, ಓದಿಯೂ ಹಾಕಿದಿರಲ್ಲ!" ಅಂದೆ.

"ಸಾರ್ವಜನಿಕರು ಹಾಕಬಾರದು ಅಂತ ತಾನೇ? ನಾನು ಸರ್ಕಾರಿ ನೌಕರ," ಅಂದರು.

ರಾತ್ರಿಯೆಲ್ಲ ಯೋಚನೆ ಮಾಡಿ, ಬೆಳಿಗ್ಗೆ ಹಲಗೆಯನ್ನು ಅಳಿಸಿ ಹೊಸದಾಗಿ ಬರೆಸಿದೆ: "ಸರ್ಕಾರದ ಅಪ್ಪಣೆ. ಈ ಗಿಡಕ್ಕೆ ಸಾರ್ವಜನಿಕರು ದಿನಕ್ಕೆ ಎರಡು ಕೊಡ ನೀರು ತಪ್ಪದೆ ಹಾಕತಕ್ಕದ್ದು."

ಅವತ್ತಿನಿಂದ ಒಂದು ನರಪಿಳ್ಳೆ ಒಂದು ತೊಟ್ಟು ಹಾಕಿದ್ದರೆ ಕೇಳಿ.

೩. ವಾರದ ವರದಿ

ಪ್ರತಿ ಸೋಮವಾರ ಗಿಡದ ವಿಚಾರ ಮಂಡ್ಯಕ್ಕೆ ಬರೆದು ಕಳಿಸಬೇಕು ಅಂತ ಅಪ್ಪಣೆಯಾಗಿತ್ತು. ಮೊದಲ ವಾರ "ಗಿಡ ಕ್ಷೇಮ" ಅಂತ ಬರೆದೆ. ಎರಡನೇ ವಾರವೂ ಅದನ್ನೇ ಬರೆದೆ. ಆ ಜಾತಿ ಒಂದು ವರ್ಷದಲ್ಲಿ ಬೆಳೆಯುವಷ್ಟು ನನ್ನ ಮೀಸೆ ಒಂದು ತಿಂಗಳಲ್ಲಿ ಬೆಳೆಯುತ್ತಿತ್ತು, ಬೇರೆ ಏನು ಬರೆಯಲಿ? ಏಳನೇ ವಾರ ಹೆಡ್ ಗುಮಾಸ್ತರಿಂದ ಮೆಮೊ ಬಂತು: "ಏಳು ವಾರಗಳಿಂದ ಯಾವ ಪ್ರಗತಿಯೂ ಕಂಡುಬಂದಿಲ್ಲ. ಮೂರು ದಿನದೊಳಗೆ ಸಮಜಾಯಿಷಿ ಕೊಡುವುದು."

ನನಗೆ ರೇಗಿತು. "ಸದರಿ ಗಿಡವನ್ನು ಖುದ್ದಾಗಿ ವಿಚಾರಿಸಲಾಯಿತು. ಹೇಳಿಕೆ ಕೊಡಲು ಒಪ್ಪಲಿಲ್ಲ," ಅಂತ ಬರೆದು ಕಳಿಸಿದೆ. ಕಚೇರಿಯಲ್ಲಿ ಓದಿ ನಗುತ್ತಾರೆ ಅಂದುಕೊಂಡಿದ್ದೆ. ನನಗೆ ಆಗ ವಯಸ್ಸು ಸಾಲದು, ಕಚೇರಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ನಾಲ್ಕನೇ ದಿನ ಉತ್ತರ ಬಂತು: "ಹೇಳಿಕೆ ಕೊಡಲು ಒಪ್ಪದಿರುವ ಪಕ್ಷದಲ್ಲಿ ಇಬ್ಬರು ಸಾಕ್ಷಿಗಳ ಎದುರು ಅಳತೆ ತೆಗೆದು, ಸಾಕ್ಷಿಗಳ ರುಜು ಸಮೇತ ಕಳುಹಿಸುವುದು."

ಸರಿ, ಪ್ರತಿ ಸೋಮವಾರ ಮಹಜರು. ಬಂಗಲೆಯ ಅಡಿಗೆಯವನು ಟೇಪು ಹಿಡಿಯುವುದು, ನಾನು ಬರೆಯುವುದು, ಮಾಲಿ ಹೆಬ್ಬೆಟ್ಟು ಒತ್ತುವುದು. ಒಂದು ಸೋಮವಾರ ಅಡಿಗೆಯವನಿಗೆ ಒಲೆಯ ಮೇಲಿನ ಸಾರಿನ ಚಿಂತೆ, ಟೇಪನ್ನು ಸೊಟ್ಟಗೆ ಹಿಡಿದ. ಹಿಂದಿನ ವಾರಕ್ಕಿಂತ ಎರಡು ಅಂಗುಲ ಕಡಿಮೆ ಬಂತು. ನಾನೂ ನೋಡದೆ ಬರೆದು ಕಳಿಸಿಬಿಟ್ಟೆ. ಮೆಮೊ ಬಂತು: "ಎರಡು ಅಂಗುಲ ಎಲ್ಲಿ ಹೋಯಿತು? ದುರುಪಯೋಗವಾಗಿದ್ದಲ್ಲಿ ಸಂಬಂಧಪಟ್ಟವರಿಂದ ವಸೂಲು ಮಾಡಲಾಗುವುದು."

ಓದಿ ಹೇಳಿದಾಗ ಮಾಲಿ ನನಗೆ ಸಮಾಧಾನ ಮಾಡಿದ: "ಓಗ್ಲಿ, ಕೊಟ್ಬುಡಿ ಸ್ವಾಮಿ. ನೀವು ಎಂಗೂ ಎತ್ತರವಾಗಿದೀರಿ."

೪. ಅಬಕಾರಿಯವರು

ಒಂದು ದಿನ ಬಂಗಲೆಗೆ ಬಂದು ನೋಡುತ್ತೇನೆ, ಅಬಕಾರಿ ಪೇದೆಯೊಬ್ಬ ಟಾರಿನ ಡಬ್ಬ ಹಿಡಿದು ನನ್ನ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಹೆಂಡ ಇಳಿಸುವ ಈಚಲು ಮರಗಳಿಗೆಲ್ಲ ಆಗ ನಂಬರು ಹಾಕುತ್ತಿದ್ದರು. ನಂಬರಿಲ್ಲದ ಈಚಲು ಕಳ್ಳಬಟ್ಟಿಯ ಸಮಾನ.

"ಏಯ್ ಏಯ್! ಇದು ಆ ಈಚಲಲ್ಲ ಕಣಯ್ಯಾ, ಸೀಮೆದು!"

"ಈಚಲು ಅಂದ್ರೆ ಈಚಲು ಸ್ವಾಮಿ. ಅವರಪ್ಪ ಸೀಮೆಯವನಾದ್ರೆ ನಮ್ಗೇನು?"

"ತೊಡೆಯುದ್ದ ಇಲ್ಲ, ಇದರಲ್ಲಿ ಹೆಂಡ ಎಲ್ಲಿಂದ ಬರುತ್ತೆ?"

"ಬರಲ್ಲ ಅಂತ ಎಂಗೆ ಯೋಳ್ತೀರಾ? ಇಳ್ಸಿ ನೋಡಿದೀರಾ?"

"ಇಲ್ಲಪ್ಪ."

"ಮತ್ತೆ! ಇಳ್ಸದೆ ಕುಡೀದೆ ಬರಲ್ಲ ಅಂತ ಸರ್ಕಾರಕ್ಕೆ ಯೋಳಾಕೆ ನೀವ್ಯಾರು?"

ನಾನು ಬರೆದೆ, ಅವರು ಬರೆದರು, ನಾನು ಮತ್ತೆ ಬರೆದೆ. ಕೊನೆಗೆ ತಿಳಿದವನೊಬ್ಬ ಬಂದು ಪರೀಕ್ಷೆ ಮಾಡಲಿ ಅಂತ ತೀರ್ಮಾನವಾಯಿತು. ಪರೀಕ್ಷೆ ಅಂದರೆ ಕುತ್ತಿಗೆಗೆ ಕತ್ತಿ ಹಾಕುವುದು. ಗಿಡದ ಕುತ್ತಿಗೆಗೆ ಬಿದ್ದ ಕತ್ತಿ ನಾನು ಕಟ್ಟಬೇಕಾದ ತಾಳಿಗೂ ಬೀಳುವುದರಲ್ಲಿತ್ತು. ಹೆಂಡ ಇಳಿಸುವ ಮುದುಕ ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಬಂದ. ಗಿಡದ ಸುತ್ತ ಒಂದು ಸುತ್ತು ಬಂದ, ಕೂತ, ಒಂದು ಬೀಡಿ ಪೂರ್ತಿ ಸೇದಿದ, ಗರಿಯ ಬುಡವನ್ನು ಮುಟ್ಟಿ ನೋಡಿದ. ಕತ್ತಿಯನ್ನು ಮಾತ್ರ ತೆಗೆಯಲಿಲ್ಲ.

"ಇದಿನ್ನೂ ಮೊಲೆ ಕುಡಿಯೋ ಕೂಸು. ಒಂದ್ ಇಪ್ಪತ್ತು ವರ್ಸ ಓಗ್ಲಿ, ಕರೀರಿ, ಬತ್ತೀನಿ," ಅಂದ. ಅವನಿಗೆ ಆಗಲೇ ಎಪ್ಪತ್ತಾಗಿತ್ತು.

ಪೇದೆ ಅದನ್ನು ಹಾಗೆಯೇ ಬರೆದುಕೊಂಡ. ಹದಿನೈದು ದಿನಕ್ಕೆ ಆರ್ಡರು ಬಂತು: "ಇಪ್ಪತ್ತು ವರ್ಷಗಳ ತರುವಾಯ ಪುನಃ ಪರೀಕ್ಷೆ ನಡೆಸುವುದು. ಅಲ್ಲಿಯವರೆಗೆ ಸದರಿ ಗುಮಾಸ್ತೆಯೇ ಇದಕ್ಕೆ ಜವಾಬ್ದಾರನು." ಇಡೀ ಸರ್ಕಾರದಲ್ಲಿ ನನ್ನನ್ನು ಇಪ್ಪತ್ತು ವರ್ಷಕ್ಕೆ ಕಾಯಂ ಮಾಡಿದ ಪುಣ್ಯಾತ್ಮರು ಅಬಕಾರಿಯವರು ಮಾತ್ರ.

೫. ಕೊಡಲಿ

ಅಬಕಾರಿಯವರು ನಂಬರು ಹಾಕಿದ ಮರಗಳನ್ನು ಚಳವಳಿಯವರು ಕಡಿಯುತ್ತಿದ್ದ ಕಾಲ ಅದು. ಹೆಂಡ ತೊಲಗಬೇಕು, ಅದಕ್ಕೆ ಈಚಲು ತೊಲಗಬೇಕು ಅಂತ. ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿದಂದಿನಿಂದ ನಮ್ಮ ಮದ್ದೂರು ಕಡೆ ಬಿಳೀ ಟೋಪಿ ಇಲ್ಲದ ಮನೆ ಕಡಿಮೆ. ನನ್ನ ಮನಸ್ಸೂ ಆ ಕಡೆಗೇ ಇತ್ತು. ಆದರೆ ಮನಸ್ಸಿಗೆ ಸರ್ಕಾರ ಸಂಬಳ ಕೊಡುವುದಿಲ್ಲವಲ್ಲ, ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಏಳೆಂಟು ಜನ ಹುಡುಗರು ಕೊಡಲಿ ಹಿಡಿದು ಜೈಕಾರ ಹಾಕುತ್ತಾ ಬಂಗಲೆಗೆ ನುಗ್ಗಿದರು. ಮುಂದಾಳು ಗಿಡ ಕಂಡವನೇ ಅಂಗಿ ತೋಳು ಮಡಿಸಿದ.

ನಾನು ಅಡ್ಡ ಹೋಗಿ ನಿಂತೆ. "ತಡೀರಪ್ಪಾ! ಇದು ಹೆಂಡದ ಈಚಲಲ್ಲ. ಸೀಮೆಯಿಂದ ಬಂದದ್ದು!"

ಬಾಯಿಂದ ಮಾತು ಬಿದ್ದಮೇಲೆ ನನಗೆ ಬುದ್ಧಿ ಬಂತು. ಮುಂದಾಳು ಕಣ್ಣು ಅಗಲಿಸಿದ. "ಸೀಮೆದಾ? ಸ್ವದೇಶಿ ಈಚಲ್ನೇ ಬುಡ್ಲಿಲ್ಲ, ಪರದೇಶಿದ ಬುಡ್ತೀವಾ? ಆಕ್ರುಲಾ ಏಟು!"

"ಸಾಹೇಬರದ್ದು ಕಣ್ರಪ್ಪಾ!"

"ಅಂಗಾದ್ರೆ ಎರಡೇಟು ಆಕ್ರಿ!"

ಇನ್ನು ಏನು ಹೇಳಿದರೂ ಕೆಡುತ್ತದೆ ಅಂತ ಗೊತ್ತಾಯಿತು. ಗಿಡವನ್ನು ತಬ್ಬಿಕೊಂಡು ನೆಲದಲ್ಲಿ ಕೂತೇಬಿಟ್ಟೆ. ಮುಳ್ಳು ಎದೆಗೆ ಚುಚ್ಚಿತು. ಮಾನ ಮರ್ಯಾದೆ ಬಿಟ್ಟು ಇದ್ದದ್ದು ಇದ್ದಂತೆ ಹೇಳಿದೆ. "ಈ ಗಿಡ ಉಳಿದರೆ ನಾನು ಕಾಯಂ. ಕಾಯಂ ಆದರೆ ಕೊಪ್ಪದ ಗೌಡರು ಹೆಣ್ಣು ಕೊಡುತ್ತಾರೆ. ಕಡೀತೀರಾದರೆ ನನ್ನನ್ನೂ ಸೇರಿಸಿ ಕಡೀರಪ್ಪಾ."

ಮುಂದಾಳಿನ ಕೊಡಲಿ ಮೆಲ್ಲಗೆ ಇಳಿಯಿತು. ಹುಡುಗರಿಗೆ ಅತ್ತ ಹೋಗಿ ಅಂತ ಸನ್ನೆ ಮಾಡಿ, ನನ್ನ ಪಕ್ಕದಲ್ಲಿ ಕೂತ. "ಇದ್ನ ಮೊದ್ಲೇ ಯೋಳಬಾರ್ದೇನಣ್ಣ? ಟೋಪಿ ಆಕ್ದಾಗ್ಲಿಂದ ನಂಗೂ ಯಾರೂ ಎಣ್ಣು ಕೊಡ್ತಿಲ್ಲ ಕಣಣ್ಣ. ಜೈಲಿಗೋಗೋನು ಅಂತಾರೆ," ಅಂದ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಮೇಲೆ ಅವನು ಎದ್ದು ಟೋಪಿ ಸರಿಮಾಡಿಕೊಂಡು, ಜೈಕಾರ ಹಾಕಿಸಿ, ಹುಡುಗರನ್ನೆಲ್ಲ ಹೊರಗೆ ಕಳಿಸಿದ. ಗೇಟಿನ ತನಕ ಹೋದವನು ಒಬ್ಬನೇ ವಾಪಸು ಬಂದ.

"ಅಣ್ಣ, ಆ ಗೌಡ್ರಿಗೆ ಎರಡ್ನೇ ಮಗಳು ಏನಾರ ಅವ್ಳಾ?"

೬. ಗೌಡರ ಉಪಕಾರ

ಇಷ್ಟೆಲ್ಲ ದಾಟಿದ ಗಿಡವನ್ನು ಕೊಂದವರು ಯಾರು ಗೊತ್ತೆ? ನನ್ನನ್ನು ಉಳಿಸಬೇಕು ಅಂತ ಹೊರಟವರು.

ತಾಯಿಗೆ ಜ್ವರ ಅಂತ ನಾನು ಒಂದು ವಾರ ಮಳವಳ್ಳಿಗೆ ಹೋಗಿದ್ದೆ. ಆಗ ಗೌಡರು ಯಾವುದೋ ಕೆಲಸಕ್ಕೆ ಮದ್ದೂರಿಗೆ ಬಂದವರು, ಭಾವಿ ಅಳಿಯನ ಗಿಡ ಹೇಗಿದೆ ನೋಡೋಣ ಅಂತ ಬಂಗಲೆಗೆ ಹೋಗಿದ್ದಾರೆ. ಬುಡ ನೋಡಿದರೆ ಒಣಗಿ ಬಿರುಕು ಬಿಟ್ಟಿದೆ. ಹಲಗೆಯನ್ನು ಯಾರ ಕೈಲೋ ಓದಿಸಿದ್ದಾರೆ. ದಿನಕ್ಕೆ ಎರಡು ಕೊಡ, ಸರ್ಕಾರದ ಅಪ್ಪಣೆ! ಗೌಡರಿಗೆ ಎದೆ ಝಲ್ ಅಂದಿದೆ. ಸಾಹೇಬ ಬಂದು ನೋಡಿದರೆ ಹುಡುಗನ ಕೆಲಸ ಹೋಯಿತು, ಮಗಳ ಮದುವೆ ನಿಂತಿತು. ಸೀದಾ ನೀರುಗಂಟಿಯ ಮನೆಗೆ ಹೋಗಿದ್ದಾರೆ. ನಾಲೆ ನೀರನ್ನು ಸರದಿ ಪ್ರಕಾರ ಗದ್ದೆಗೆ ಬಿಡುವವನು ಅವನೇ. ಅವನಿಗೆ ಕೈ ಮುಗಿದು, ಬಂಗಲೆಯ ಹಿಂದಿನ ಕಾಲುವೆಯನ್ನು ಅಂಗಳಕ್ಕೆ ತಿರುಗಿಸಿಬಿಟ್ಟಿದ್ದಾರೆ. ಗಿಡ ಕೊನೆಗೂ ನೀರು ಕಂಡಿತಲ್ಲ ಅಂತ ಮಾಲಿಯೂ ತಡೆಯಲಿಲ್ಲವಂತೆ.

ನಾನು ಬಸ್ಸಿಳಿದು ಬಂದೆ. ಬಂಗಲೆಯ ಅಂಗಳ ನಾಟಿಗೆ ಹದವಾಗಿತ್ತು. ಕಪ್ಪೆ ವಟಗುಟ್ಟುತ್ತಿತ್ತು. ಕೊಕ್ಕರೆಯೂ ಬಂದಿತ್ತು. ನಡುವೆ ನನ್ನ ಮರಳುಗಾಡಿನ ಗಿಡ ಮೊಣಕಾಲು ನೀರಿನಲ್ಲಿ ನಿಂತಿತ್ತು. ಏರಿಯ ಮೇಲೆ ಗೌಡರು ಗುದ್ದಲಿ ಊರಿಕೊಂಡು, ಕೆಸರು ಮೆತ್ತಿಕೊಂಡು, ನಗುತ್ತಾ ನಿಂತಿದ್ದರು.

"ಐದು ದಿನದಿಂದ ನನ್ ಕಬ್ಬಿಗೆ ಬರೋ ಸರದಿ ನೀರು ಕಣ್ಲಾ! ನಿನ್ ಗಿಡಕ್ಕೆ ಬುಟ್ಟಿವ್ನಿ. ಕಬ್ಬು ಒಣಗಿದ್ರೆ ಒಣಿಕಳ್ಲಿ, ನಿನ್ ನೌಕ್ರಿ ಉಳೀಲಿ!"

ಐದು ದಿನ ಕಬ್ಬು ಒಣಗಿಸಿಕೊಂಡ ಮನುಷ್ಯನಿಗೆ ನಾನು ಏನು ಹೇಳಲಿ? ಬೈಯೋಣ ಅಂದರೆ ಮಾವನಾಗುವವರು, ಅಳೋಣ ಅಂದರೆ ಗಂಡಸು. "ಒಳ್ಳೇದು ಮಾಡಿದಿರಿ ಮಾವ" ಅಂದೆ. ಆ ಮಾತು ಹೇಳುವಾಗ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಆನಂದಬಾಷ್ಪ ಅಂದುಕೊಂಡರು.

ಇಪ್ಪತ್ತು ದಿನಕ್ಕೆ ಗರಿಗಳು ಕಂದಿದವು. ಒಂದು ಬೆಳಿಗ್ಗೆ ನಡುವಿನ ಸುಳಿಯನ್ನು ಮೆಲ್ಲಗೆ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೈಗೆ ಬಂತು, ಬುಡವೆಲ್ಲ ಕೊಳೆತು ನಾರುತ್ತಿತ್ತು. ಅದೇ ದಿನ ಮಂಡ್ಯದಿಂದ ಕಾಗದ ಬಂತು. ಜಿಲ್ಲೆಯ ಫಲಪುಷ್ಪ ಪ್ರದರ್ಶನ ಹತ್ತಿರ ಬಂದಿದೆ, ಗಿಡವನ್ನು ತೆಗೆದುಕೊಂಡು ಬಾ, ಬಹುಮಾನ ಬಂದರೆ ಅಲ್ಲೇ ನಿನ್ನ 'ಕಾಯಂ' ಆರ್ಡರಿಗೆ ರುಜು ಹಾಕುತ್ತೇನೆ ಅಂತ ಸಾಹೇಬರು ಬರೆದಿದ್ದರು.

ಕೊಳೆತ ಸುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಮಾಲಿಯನ್ನೂ ಕರೆದುಕೊಂಡು ಕೊಪ್ಪಕ್ಕೆ ಹೋದೆ. ಗೌಡರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ, "ಸತ್ತೋದ್ರೆ ಸತ್ತೋಯ್ತು ಬುಡ್ಲಾ! ಇಂತವು ನನ್ ಬದಿನ ಮೇಲೆ ಮೂವತ್ತವೆ," ಅಂದು ಗುದ್ದಲಿ ತೆಗೆದುಕೊಂಡು ಎದ್ದೇಬಿಟ್ಟರು.

ಬದುವಿನ ಮೇಲಿದ್ದ ಒಂದು ಎಳೆಯ ಕಾಡು ಈಚಲನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಒಣ ಗರಿ ಸವರಿ, ಬಂಗಲೆಯಿಂದ ತರಿಸಿದ ಹಳೇ ಪೀಪಾಯಿಯಲ್ಲಿ ಕೂರಿಸಿ ಗಾಡಿಗೆ ಏರಿಸಿದೆವು. ಗೌಡರು, ನಾನು, ಮಾಲಿ, ನೀರುಗಂಟಿ, ಎಲ್ಲರೂ ಬೆವತು ಹೋದೆವು. ಹುಡುಗಿ ಮಜ್ಜಿಗೆ ತಂದವಳು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ನಮ್ಮನ್ನೆಲ್ಲ ಒಂದು ಸಲ ನೋಡಿದಳು.

"ಅಲ್ಲಾ, ಒಂದು ಗಿಡಕ್ಕೆ ನೀರು ಹಾಕ್ದೆ ಇರಾಕೆ ಇಷ್ಟ್ ಜನ ಬೇಕಾಯ್ತಾ?" ಅಂದಳು.

೭. ಪ್ರದರ್ಶನ

ಮಂಡ್ಯದಲ್ಲಿ ದೊಡ್ಡ ಚಪ್ಪರ, ಒಳಗೆ ಹೋಗಲು ಟಿಕೆಟ್ಟು. ಗುಲಾಬಿ, ಕೋಸು, ತೊಡೆಗಾತ್ರದ ಪಡವಲಕಾಯಿ. ನಟ್ಟನಡುವೆ ಎತ್ತರದ ಪೀಠದ ಮೇಲೆ ಕೊಪ್ಪದ ಬದುವಿನ ಈಚಲು. ಪೀಪಾಯಿಗೆ ಕೆಂಪು ಕಾಗದ ಸುತ್ತಿ, ಮೂರು ಸಾಲು ಉದ್ದದ ಒಂದು ಲ್ಯಾಟಿನ್ ಹೆಸರಿನ ಚೀಟಿ ಅಂಟಿಸಿದ್ದರು. ಸಿಕ್ಕಿಬಿದ್ದರೆ ನೌಕರಿ ಮಾತ್ರ ಅಲ್ಲ, ಗೌಡರ ಮರ್ಯಾದೆಯೂ ಹೋಗುತ್ತದೆ.

ಸಾಹೇಬರು ಬಂದರು, ನೋಡಿದರು, ಅರಳಿದರು. "ಏನು ಬಣ್ಣ! ಏನು ಗತ್ತು! ಕೆಲವೇ ತಿಂಗಳಲ್ಲಿ ಎಷ್ಟು ಬೆಳೆದಿದೆ! ನೀರು ಹಾಕಲಿಲ್ಲ ತಾನೆ?"

"ದೇವರಾಣೆ ಇದಕ್ಕೆ ಒಂದು ತೊಟ್ಟೂ ಹಾಕಿಲ್ಲ ಸಾರ್," ಅಂದೆ. ಅದೊಂದು ಸತ್ಯ. ಗೌಡರ ಬದುವಿನ ಮೇಲೆ ಅದಕ್ಕೆ ಹುಟ್ಟಿದಾಗಿನಿಂದ ಯಾರೂ ನೀರು ಹಾಕಿರಲಿಲ್ಲ.

ಇಬ್ಬರು ರೈತರು ಬಂದು ಪೀಠದ ಮುಂದೆ ನಿಂತರು. ಒಬ್ಬ, "ಇದೇನ್ಲಾ, ಈಚಲ್ನ ತಂದು ಪೀಪಾಯ್ಲಿ ಕುಂಡ್ರುಸವ್ರೆ?" ಅಂದ. ನನ್ನ ಜೀವ ಬಾಯಿಗೆ ಬಂತು. ಇನ್ನೊಬ್ಬ ಅವನ ತಲೆಗೆ ಮೊಟಕಿದ. "ಸುಮ್ಕಿರ್ಲಾ ದಡ್ಡ. ಚೀಟಿ ನೋಡು, ಇಂಗ್ಲೀಸ್ನಲ್ಲಿ ಬರೆದವ್ರೆ. ಈಚಲಾಗಿದ್ರೆ ಇಂಗ್ಲೀಸ್ನಲ್ಲಿ ಬರೀತಿದ್ರಾ?" ಇಬ್ಬರೂ ಭಕ್ತಿಯಿಂದ ಒಂದು ಸುತ್ತು ಬಂದು ಹೋದರು.

ಆಮೇಲೆ ತೀರ್ಪುಗಾರರು ಬಂದರು. ಬೆಂಗಳೂರಿನಿಂದ ಕರೆಸಿದ್ದ ಮುದುಕರು, ಗಿಡಗಳ ವಿಷಯದಲ್ಲಿ ತಲೆ ನರೆಸಿಕೊಂಡವರು. ಬಗ್ಗಿ ಗರಿ ಮುಟ್ಟಿದರು. ಮುಳ್ಳು ಮುಟ್ಟಿದರು. ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಹೊಸಕಿದರು. ಅದರಲ್ಲಿ ಕಬ್ಬಿನ ಒಂದು ತರಗು ಸಿಕ್ಕಿತು. ಅದನ್ನೂ ನೋಡಿದರು. ಕೊನೆಗೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಅಲ್ಲೇ ಭೂಮಿ ಬಿರಿಯಲಿ ಅಂತ ಬೇಡಿಕೊಂಡೆ.

"ಎಲ್ಲಿಯದು ಇದು?" ಅಂದರು.

ಸಾಹೇಬರೇ ಎದೆಯುಬ್ಬಿಸಿ ಉತ್ತರ ಕೊಟ್ಟರು. "ಮರುಭೂಮಿಯದು! ನಾನೇ ತರಿಸಿದ್ದು. ಈ ಹುಡುಗ ನಾನು ಹೇಳಿದಂತೆ ಬೆಳೆಸಿದ್ದಾನೆ. ಹೇಗಿದೆ?"

ಪ್ರದರ್ಶನದ ಸಮಿತಿಗೆ ಸಾಹೇಬರೇ ಅಧ್ಯಕ್ಷರು. ತೀರ್ಪುಗಾರರಿಗೆ ಹೋಗಿಬರುವ ಕಾರು, ಮಧ್ಯಾಹ್ನದ ಊಟ, ಸಂಜೆಯ ಹಾರ ಎಲ್ಲ ಅವರದ್ದೇ ಏರ್ಪಾಟು. ಮುದುಕರು ಗಿಡವನ್ನು ನೋಡಿದರು, ಸಾಹೇಬರನ್ನು ನೋಡಿದರು, ಇನ್ನೊಂದು ಸಲ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ ಕಾಣೆ.

"ನನ್ನ ಜೀವಮಾನದಲ್ಲಿ ಇಂಥವನ್ನು ಸಾವಿರ ನೋಡಿದ್ದೇನೆ," ಅಂದರು ನಿಧಾನವಾಗಿ. "ಆದರೆ ಇಷ್ಟು ಗೌರವದಿಂದ ಇಟ್ಟದ್ದನ್ನು ನೋಡಿದ್ದು ಇದೇ ಮೊದಲು."

ಸಾಹೇಬರಿಗೆ ಸ್ವರ್ಗ ಮೂರೇ ಗೇಣು. ಮೊದಲ ಬಹುಮಾನ! ಎಲ್ಲರೂ ಚಪ್ಪಾಳೆ ಹೊಡೆದರು. ಸಾಹೇಬರು ಅಲ್ಲೇ ಪೀಪಾಯಿಯ ಅಂಚಿನ ಮೇಲೆ ಕಾಗದ ಇಟ್ಟು, ಜೇಬಿನಿಂದ ಪೆನ್ನು ತೆಗೆದು, ನನ್ನ 'ಕಾಯಂ' ಆರ್ಡರಿಗೆ ರುಜು ಹಾಕಿ ಕೈಗೆ ಕೊಟ್ಟರು. "ನೀರಿಲ್ಲದೆ ಗಿಡ ಬೆಳೆಸುವುದು ಹೇಗೆ ಅಂತ ಈ ಜಿಲ್ಲೆಯ ರೈತರು ನಿನ್ನಿಂದ ಕಲಿಯಬೇಕು," ಅಂದರು.

ಗೌಡರು ಟಿಕೆಟ್ಟು ತೆಗೆದುಕೊಂಡು ಒಳಗೆ ಬಂದು, ಜನರ ಹಿಂದೆ ನಿಂತು ಎಲ್ಲ ನೋಡುತ್ತಿದ್ದರು. ನಾನು ಓಡಿಹೋಗಿ ಆರ್ಡರು ಅವರ ಕೈಗಿಟ್ಟೆ. ತಲೆಕೆಳಗಾಗಿ ಹಿಡಿದುಕೊಂಡು, "ಕಾಯಂ ಅಂತ ಎಲ್ಲೈತೆ, ಬೆಟ್ಟಿಟ್ಟು ತೋರ್ಸು," ಅಂದರು. ತೋರಿಸಿದೆ. ಆ ಜಾಗವನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ನನಗಂತೂ ಕಣ್ಣು ತುಂಬಿ ಬಂತು, ಈ ಸಲ ನಿಜವಾಗಿಯೂ ಆನಂದಕ್ಕೆ.

ಗೌಡರು ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಟಿಕೆಟ್ಟಿಗೆ ಮುಗಿಬಿದ್ದಿದ್ದ ಜನವನ್ನೂ ಪೀಠದ ಮೇಲಿದ್ದ ತಮ್ಮ ಈಚಲನ್ನೂ ನೋಡುತ್ತಾ ಲೆಕ್ಕ ಹಾಕುತ್ತಿದ್ದರು. ಕೊನೆಗೆ ನನ್ನ ಹೆಗಲ ಮೇಲೆ ಕೈ ಹಾಕಿ, ಬಹಳ ನೊಂದ ದನಿಯಲ್ಲಿ ಹೇಳಿದರು:

"ಅಲ್ಲಾ ಅಳಿಯಂದ್ರೇ, ಕಾಸು ಕೊಟ್ಟು ಈಚಲು ನೋಡೋ ಜನ ಅವ್ರೆ ಅಂತ ಮೊದ್ಲೇ ಯೋಳಿದ್ರೆ, ನಾನ್ಯಾಕೆ ಕಬ್ಬು ಹಾಕಿ ಸಾಯ್ತಿದ್ದೆ?"